ಅವ್ವನ ಕಾಲಂನಲ್ಲಿ ಸಣ್ಣ ಅಂಕಿ

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ಶನಿವಾರ ಅವ್ವನ ಜೊತೆ ಬಟವಾಡೆಗೆ ಹೋಗಿದ್ದೆ. ಕುಶಾಲನಗರದಿಂದ ಜೀಪಲ್ಲಿ ಹೋಗಬೇಕಾದ ಕಾಫಿ ತೋಟ. ಆ ವಾರ ಅಪ್ಪ, ಅವ್ವ ಇಬ್ಬರೂ ಒಂದೇ ಸಾಲಲ್ಲಿ ಕಳೆ ಹೊಡೆದಿದ್ರು. ರೈಟರ ಪುಸ್ತಕದಲ್ಲಿ ಎರಡು ಕಾಲಂ, ಗಂಡಾಳು, ಹೆಣ್ಣಾಳು. ಅವ್ವನ ಅಂಕಿ ಸಣ್ಣದು. ಯಾಕೆ ಅಂತ ಕೇಳಿದ್ದಕ್ಕೆ "ಹೆಣ್ಣಾಳಿನ ರೇಟೇ ಅಷ್ಟು ಕಣಮ್ಮ" ಅಂದ್ರು. ಕೆಟ್ಟ ಮನುಷ್ಯ ಅಲ್ಲ, ಗೊತ್ತಿದ್ದದ್ದು ಹೇಳಿದ್ರು. 1976ರ ಸಮಾನ ವೇತನ ಕಾಯ್ದೆಗೆ ಆಗ್ಲೇ ಹದಿನೈದು ವರ್ಷ ದಾಟಿತ್ತು.

ಸಮಾನ ಕೆಲಸಕ್ಕೆ ಸಮಾನ ವೇತನ ಅಂದವರು ಬಾಬಾಸಾಹೇಬರು ಅಂತ ಪ್ರತಿ ಏಪ್ರಿಲ್ 14ಕ್ಕೆ ಫ್ಲೆಕ್ಸ್ ಹಾಕ್ತೀವಿ. ಸಂದರ್ಭ ಎಷ್ಟು ಜನಕ್ಕೆ ಗೊತ್ತು? 1943, ಯುದ್ಧ ನಡೀತಿದೆ, ಕಲ್ಲಿದ್ದಲು ಸಾಲ್ತಿಲ್ಲ. ಹೆಂಗಸರನ್ನು ಗಣಿಯೊಳಗೆ ಇಳಿಸಬಾರದೆಂಬ ನಿಷೇಧವನ್ನು ಸರ್ಕಾರ ತೆಗೀತು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರದ್ದೇ. 1944ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಇದಕ್ಕೆ ಆಕ್ಷೇಪ ಬಂತು. ಅದಕ್ಕೆ ಉತ್ತರ ಕೊಡುವಾಗ ಅವರು ಹೇಳಿದ್ದು, ಗಣಿಯಲ್ಲಿ ಹೆಣ್ಣಿಗೂ ಗಂಡಿನಷ್ಟೇ ಕೂಲಿ, ಒಂದು ಉದ್ಯಮದಲ್ಲಿ ಈ ತತ್ವ ಒಪ್ಪಿದ್ದು ಬಹುಶಃ ಇದೇ ಮೊದಲು ಅಂತ. ಇಕ್ಕಟ್ಟಿನಲ್ಲಿ ಬಂದ ಮಾತು ಅದು. 1946ರಲ್ಲಿ ನಿಷೇಧ ವಾಪಸ್ ಬಂತು. ಇದನ್ನ ಮುಚ್ಚಿಡಬೇಕಿಲ್ಲ. ನನಗಂತೂ ಫ್ಲೆಕ್ಸಿಗಿಂತ ಈ ಕತೆಯೇ ದೊಡ್ಡದು.

ಆಮೇಲೆ ಸಂವಿಧಾನದ 39ನೇ ವಿಧಿ ಬಂತು. 1958ರಲ್ಲಿ ಭಾರತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 100ನೇ ಒಪ್ಪಂದಕ್ಕೆ ಒಪ್ಪಿಗೆ ಕೊಡ್ತು. ಅದರಲ್ಲಿರೋದು "ಸಮಾನ ಮೌಲ್ಯದ ಕೆಲಸ". ನಮ್ಮ 1976ರ ಕಾಯ್ದೆಯಲ್ಲಿರೋದು "ಒಂದೇ ಅಥವಾ ಅದೇ ಬಗೆಯ ಕೆಲಸ". ಮೌಲ್ಯ ಹೋಗಿ ಬಗೆ ಬಂತು. ಗುಮಾಸ್ತೆ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತೆ.

ಯಾಕಂದ್ರೆ ತೋಟದಲ್ಲಿ ಮರಗಸಿ, ಏಣಿ ಹತ್ತಿ ಮೆಣಸು ಕುಯ್ಯೋದು ಗಂಡಾಳಿಗೆ. ಕಾಫಿ ಕುಯ್ಲು ಹೆಣ್ಣಾಳಿಗೆ. ಕೂಡ್ಲೂರಿನ ಕಾಫಿ ವರ್ಕ್ಸ್‌ಗಳಲ್ಲಿ ದಿನವಿಡೀ ಕತ್ತು ಬಗ್ಗಿಸಿ ಬೀಜ ಆರಿಸೋದು "ಹಗುರ ಕೆಲಸ". ಬಗೆ ಬೇರೆ, ರೇಟೂ ಬೇರೆ, ಕಾನೂನಿಗೆ ತಕರಾರಿಲ್ಲ. 1987ರಲ್ಲಿ ಆಡ್ರೆ ಡಿಕೋಸ್ಟಾ ಅನ್ನೋ ಸ್ಟೆನೋಗ್ರಾಫರ್ ಕೇಸಲ್ಲಿ ಸುಪ್ರೀಂ ಕೋರ್ಟು ಸಣ್ಣಪುಟ್ಟ ವ್ಯತ್ಯಾಸ ಹಿಡ್ಕೊಂಡು ಕೂರಬೇಡಿ, ಕೆಲಸವನ್ನು ವಿಶಾಲವಾಗಿ ನೋಡಿ ಅಂತು. ಆ ತೀರ್ಪು ಹಿಡ್ಕೊಂಡು ಕಳೆ ಹೊಡೆಯೋ ಹೆಂಗಸು ದೆಹಲಿಗೆ ಹೋಗೋದು ಹೇಗೆ? ಇನ್ನು ಒಂದೇ ಸಾಲಲ್ಲಿ ಕಳೆ ಹೊಡೆದ ನಮ್ಮವ್ವನಿಗೆ ಆಗಿದ್ದು ಆ ಕಾಯ್ದೆ ಪ್ರಕಾರವೇ ನೇರ ಅನ್ಯಾಯ.

ಅಮೆರಿಕದಲ್ಲಿ ಲ್ಯಾಟಿನಾ ಹೆಂಗಸರ ಸಂಬಳವನ್ನು ಬಿಳಿ ಗಂಡಸರ ಸಂಬಳದ ಪಕ್ಕ ಇಟ್ಟು ಲೆಕ್ಕ ಹಾಕ್ತಾರೆ. ಹೆಣ್ಣು ಅನ್ನೋದೂ, ಜನಾಂಗ ಅನ್ನೋದೂ ಒಟ್ಟಿಗೆ ಕಾಣುತ್ತೆ. ನಮ್ಮ ಕಾಯ್ದೆಯ ನಮೂನೆ "ಡಿ" ರಿಜಿಸ್ಟರಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ರೇಟೆಷ್ಟು ಅಂತ ಬರೀಬೇಕಿತ್ತು. ಆ ಹೆಣ್ಣು ಹೊಲೆಯರ ಕೇರಿಯವಳೋ, ಎರವರ ಹಾಡಿಯವಳೋ ಅನ್ನೋಕೆ ಕಾಲಂ ಇರಲಿಲ್ಲ. 2019ರ ವೇತನ ಸಂಹಿತೆಯಲ್ಲೂ ಅದೇ "ಅದೇ ಬಗೆಯ ಕೆಲಸ" ಉಳಿದಿದೆ.

ಅವ್ವನ ಟ್ರಂಕಲ್ಲಿ ಹಳೇ ಕೂಲಿ ಚೀಟಿ ಮೂರು ಸಿಕ್ಕಿವೆ. ನಿಮ್ಮ ಮನೇಲೂ ಅವ್ವ, ಅಜ್ಜಿಯರ ಚೀಟಿ ಇದ್ರೆ ಎಸೀಬೇಡಿ. ಹೆಸರು ಮುಚ್ಚಿ ಫೋಟೋ ತೆಗೆದು ಕಳಿಸಿ, ವರ್ಷವಾರು ಜೋಡಿಸ್ತೀನಿ.