ತಟ್ಟೆಗಳ ಮೇಳ

ಗ್ರಾಮಾಫೋನ್ ತಟ್ಟೆಗೆ ಬೆರಳು ತಾಗಿಸಿದರೆ ಹಿರಿಯರು ಗದರುತ್ತಿದ್ದ ಮನೆಗಳಲ್ಲಿ ಬೆಳೆದವರು ನಾವು. ಆ ತಟ್ಟೆಯನ್ನೇ ಕೈಯಿಂದ ಹಿಂದೆಮುಂದೆ ಉಜ್ಜಿ ನಾದವೆಬ್ಬಿಸುವ ವಿದ್ಯೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿತು. ಅಲ್ಲಿ 1973ರಿಂದ ಕೂಟಗಳನ್ನು ನಡೆಸಿದ ಕೂಲ್ ಹರ್ಕ್, ಎರಡು ಯಂತ್ರಗಳನ್ನಿಟ್ಟು, ಹಾಡಿನ ನಡುವೆ ಬರಿಯ ತಾಳ ಮೊಳಗುವ ಭಾಗವನ್ನು ಹಿಗ್ಗಿಸಿದ. ಅದೇ ದಶಕದಲ್ಲಿ ಥಿಯೊಡೋರ್ ಎಂಬ ಹುಡುಗ ಉಜ್ಜುವ ಕ್ರಮವನ್ನು ಕಂಡುಕೊಂಡನೆಂದು ಪ್ರಸಿದ್ಧಿ.

ಇದು ಬಹುಕಾಲ ಒಂಟಿ ಜಟ್ಟಿಗಳ ಪಂದ್ಯವಾಗಿಯೇ ಮೆರೆಯಿತು. 1992ರಲ್ಲಿ ಕ್ಯೂಬರ್ಟ್, ಮಿಕ್ಸ್ ಮಾಸ್ಟರ್ ಮೈಕ್, ಅಪೋಲೊ ಎಂಬ ಸ್ಯಾನ್ ಫ್ರಾನ್ಸಿಸ್ಕೊ ಪ್ರಾಂತದ ಮೂವರು ತರುಣರು ಒಂದು ತಂಡವಾಗಿ ವಿಶ್ವಸ್ಪರ್ಧೆಯನ್ನು ಗೆದ್ದರು. ಮುಂದೆ ಇನ್‌ವಿಸಿಬಲ್ ಸ್ಕ್ರಾಚ್ ಪಿಕಲ್ಸ್ ಎಂಬ ವಿಚಿತ್ರ ಹೆಸರಿನಿಂದ ಖ್ಯಾತವಾದ ಈ ಬಳಗದ ಪದ್ಧತಿ ಗಮನಾರ್ಹವಾದುದು. ಒಬ್ಬನು ಡ್ರಮ್ಮಿನ ಒಂದೊಂದೇ ಪೆಟ್ಟನ್ನು ತಟ್ಟೆಯಿಂದ ಬಿಡಿಸಿ ತಾಳ ಕಟ್ಟುವನು. ಇನ್ನೊಬ್ಬನು ಮಂದ್ರಸ್ವರವನ್ನು ಹಿಡಿಯುವನು. ಮತ್ತೊಬ್ಬನು ಯಾರದೋ ಮಾತಿನ ಚೂರನ್ನು ಕೊರೆದು ಕೊರೆದು ಮನೋಧರ್ಮವನ್ನು ಮೆರೆಯುವನು. ಒಂದು ಕೈ ತಟ್ಟೆಯ ಮೇಲೆ, ಇನ್ನೊಂದು ಸದ್ದನ್ನು ತೆರೆದು ಮುಚ್ಚುವ ಗುಂಡಿಯ ಮೇಲೆ. ತಾಳವೂ ಕೈಯದೇ ಆದ್ದರಿಂದ ಅದು ತಪ್ಪಿದರೆ ಉಳಿದವರಿಗೆ ನೆಲೆಯಿಲ್ಲ.

ಇಡೀ ಹಾಡನ್ನೇ ಒಬ್ಬಂಟಿಯಾಗಿ ಆಳಬಲ್ಲವನು ಎರಡೇ ಪೆಟ್ಟುಗಳಿಗೆ ತನ್ನನ್ನು ಕಟ್ಟಿಕೊಳ್ಳುವುದು ಸಣ್ಣ ತ್ಯಾಗವಲ್ಲ. ಸ್ಪರ್ಧೆಯ ಸಭೆಯಾದರೋ ವೇಗಕ್ಕೇ ಚಪ್ಪಾಳೆ ಹೊಡೆಯುತ್ತದೆ! ಬರಿಯ ಕರಕರ ಸದ್ದೆಂದು ನಾನೂ ಮೊದಲು ಮೂಗು ಮುರಿದಿದ್ದೆ. ಕೇಳುವ ಅವಕಾಶ ಒದಗಿದರೆ ಚಮತ್ಕಾರದವನನ್ನು ಬಿಟ್ಟು, ಹಿಂದೆ ತಾಳ ಹಿಡಿದವನನ್ನು ಮೊದಲು ಹುಡುಕಿ.