ಪಂದ್ಯದ ಕಟ್ಟುಮರವೂ ಅಲ್ಪವ್ಯಯದ ನಿರ್ಮಾಣವೂ

ಆಂಗ್ಲರು ‘ಕ್ಯಾಟಮರಾನ್’ ಎಂದು ಕರೆಯುವ ಪಂದ್ಯದೋಣಿಯ ಹೆಸರು ತಮಿಳಿನ ‘ಕಟ್ಟುಮರಂ’ ಎಂಬುದರಿಂದ ಬಂದುದು. ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಟ್ಟೂ ಮರವೂ ಎರಡು ನುಡಿಗಳಿಗೂ ಸಮಾನವಾದುವು. ಚೋಳಮಂಡಲ ಕರಾವಳಿಯ ಬೆಸ್ತರು ಕೆತ್ತಿದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿದು, ಹಿಂದಿರುಗಿದ ಬಳಿಕ ಕಟ್ಟು ಬಿಚ್ಚಿ ಒಣಗಲಿಡುವ ತೆಪ್ಪವೇ ಮೂಲದ ಕಟ್ಟುಮರ. ಎರಡು ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ಪಂದ್ಯದ ಹಾಯಿದೋಣಿಯ ರೂಪಕ್ಕಾದರೋ ಪೂರ್ವಜರು ಪಾಲಿನೇಷ್ಯ ದ್ವೀಪಗಳ ಜೋಡಿದೋಣಿಗಳು. ಹೆಸರು ಒಂದು ತೀರದಿಂದಲೂ ಆಕಾರವು ಮತ್ತೊಂದರಿಂದಲೂ ಬಂದಿದ್ದರೂ, ಕೈಗೆಟಕುವ ಸಾಮಗ್ರಿಯಿಂದ ತಾನೇ ಕಟ್ಟಿಕೊಳ್ಳುವ ಪದ್ಧತಿಯು ಎರಡಕ್ಕೂ ಸಾಮಾನ್ಯವಾಗಿದ್ದಿತು. ಪಾಶ್ಚಾತ್ಯ ದೇಶಗಳಲ್ಲಿ ಈ ದೋಣಿಯು ಬೇರೂರಿದುದು ಆ ಪದ್ಧತಿಯು ಹೊಸ ರೂಪದಲ್ಲಿ ಮರಳಿ ಬಂದ ಮೇಲೆಯೇ.

ವೇಗದ ಕೊರತೆಯಿಂದ ಅದು ತಡವಾಯಿತೆನ್ನುವಂತಿಲ್ಲ. ಸರ್ ವಿಲಿಯಂ ಪೆಟ್ಟಿಯು 1662ರಲ್ಲಿ ಡಬ್ಲಿನ್ನಿನಲ್ಲಿ ಕಟ್ಟಿಸಿದ ಜೋಡಿಯೊಡಲಿನ ನೌಕೆಯು ಪಂದ್ಯವನ್ನು ಗೆದ್ದಿತು; ಆದರೆ ಅವನ ದೊಡ್ಡ ನೌಕೆ ‘ಎಕ್ಸ್‌ಪೆರಿಮೆಂಟ್’ 1665ರಲ್ಲಿ ಬಿರುಗಾಳಿಗೆ ಸಿಕ್ಕಿ ನಾಶವಾಯಿತು. 1876ರ ನ್ಯೂಯಾರ್ಕಿನ ಶತಮಾನೋತ್ಸವ ಪಂದ್ಯದಲ್ಲಿ ನೆಥಾನಿಯಲ್ ಹೆರೆಶಾಫನ ‘ಅಮರಿಲಿಸ್’ ಎದುರಾಳಿಗಳನ್ನು ಬಹುದೂರ ಹಿಂದೆ ಹಾಕಿತು. ಸೋತವರು ಆಕ್ಷೇಪಿಸಲು ಅದನ್ನು ಅನರ್ಹವೆಂದು ತೀರ್ಮಾನಿಸಿದರು. ಈ ತೀರ್ಪೇ ಜೋಡಿದೋಣಿಯನ್ನು ಮೂಲೆಗೊತ್ತಿತೆಂದು ಹೇಳುವ ವಾಡಿಕೆಯುಂಟು. ಅದು ಅರ್ಧಸತ್ಯ. ಎರಡು ಒಡಲುಗಳೂ ಅಲೆಗೆ ತಕ್ಕಂತೆ ಬೇರೆಬೇರೆಯಾಗಿ ಏರಿಳಿಯಲೆಂದು ಹೆರೆಶಾಫನು ಕೀಲುಗಳನ್ನು ಅಳವಡಿಸಿದ್ದನು. ಅಂತಹ ಕೆಲಸಕ್ಕೆ ನುರಿತ ಕಾರ್ಖಾನೆ ಬೇಕು. ಸಾಮಾನ್ಯನು ತನ್ನ ಹಿತ್ತಿಲಲ್ಲಿ ಮಾಡಬಲ್ಲುದಲ್ಲ. ತೀರ್ಪು ಅನುಕೂಲವಾಗಿದ್ದರೂ ಆ ದೋಣಿಯು ಧನಿಕರ ಆಟಿಕೆಯಾಗಿಯೇ ಉಳಿಯುತ್ತಿದ್ದಿತು.

ಎರಡನೆಯ ಮಹಾಯುದ್ಧವು ಈ ತೊಡಕನ್ನು ಬಿಡಿಸಿತು. ತೆಳುವಾದ ಮರದ ಪದರುಗಳನ್ನು ಕೃತಕ ಅಂಟಿನಿಂದ ಬೆಸೆದ ಪ್ಲೈವುಡ್ಡು, ಮಸ್ಕಿಟೋ ಮೊದಲಾದ ವಿಮಾನಗಳಲ್ಲಿ ಪರೀಕ್ಷಿತವಾಗಿ, ಯುದ್ಧಾನಂತರ ಜನರ ಕೈಗೆ ಬಂದಿತು. 1947ರಲ್ಲಿ ಹವಾಯಿಯಲ್ಲಿ ವುಡಿ ಬ್ರೌನನೂ ಅವನ ಜೊತೆಗಾರರೂ ‘ಮನು ಕೈ’ ಎಂಬ ಜೋಡಿದೋಣಿಯನ್ನು ಪ್ಲೈವುಡ್ಡಿನಿಂದಲೇ ಕಟ್ಟಿದರು. ಇಂಗ್ಲೆಂಡಿನ ಕ್ಯಾನ್ವೆ ದ್ವೀಪದಲ್ಲಿ, 1952ರ ಒಲಿಂಪಿಕ್ಕಿನಲ್ಲಿ ಹುಟ್ಟುದೋಣಿ ನಡಸಿದ್ದ ರೋಲೆಂಡ್ ಮತ್ತು ಫ್ರಾನ್ಸಿಸ್ ಪ್ರೌಟ್ ಸೋದರರು ಎರಡು ಕಿರುದೋಣಿಗಳನ್ನು ಜೋಡಿಸಿ ಹಾಯಿಯೇರಿಸಿ ನೋಡಿದರು. ಅದರಿಂದ ಬೆಳೆದು ಬಂದ ‘ಶಿಯರ್‌ವಾಟರ್’ ಪಂದ್ಯಗಳಲ್ಲಿ ಹೆಸರು ಗಳಿಸಿತು. ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುವಂತೆ ಬಿಡಿಭಾಗಗಳಾಗಿಯೂ ಮಾರಾಟವಾಯಿತು.

ಮಿತವ್ಯಯವೂ ವೇಗವೂ ಇಲ್ಲಿ ಒಂದಕ್ಕೊಂದು ಅಡ್ಡಬರಲಿಲ್ಲವೆಂಬುದೇ ಮುಖ್ಯವಾದ ವಿಷಯ. ಒಂಟಿಯೊಡಲಿನ ದೊಡ್ಡ ಹಾಯಿದೋಣಿಯು ಮಗುಚದಿರಲು ತಳದಲ್ಲಿ ಭಾರವನ್ನು ಹೊರಬೇಕು. ಜೋಡಿದೋಣಿಯ ಸ್ಥಿರತೆಯು ಅಗಲದಿಂದಲೇ ಬರುವುದು. ಆದುದರಿಂದ ಒಡಲುಗಳು ಎಷ್ಟು ಕಿರಿದೂ ಹಗುರವೂ ಆದರೆ ಅಷ್ಟು ಲೇಸು, ಸಾಮಗ್ರಿಯೂ ಅಷ್ಟು ಕಡಿಮೆ. ಪ್ಲೈವುಡ್ಡನ್ನು ಹಿಂಸಿಸಿ ಬಾಗಿಸುವ ಕ್ರಮವು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡು ಹಲಗೆಗಳನ್ನು ಚಪ್ಪಟೆಯಾಗಿಯೇ ಕತ್ತರಿಸಿ, ತಳದ ಅಂಚುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಪುಸ್ತಕದಂತೆ ತೆರೆದಿಟ್ಟು, ಹೊಲಿಗೆಯ ಮೇಲೆ ಗಾಜುನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸುವರು. ಅದು ಗಟ್ಟಿಯಾದ ಮೇಲೆ ಮೇಲಂಚುಗಳನ್ನು ಮೆಲ್ಲಮೆಲ್ಲನೆ ಒಂದರ ಬಳಿಗೊಂದನ್ನು ಎಳೆದು ತರಲು, ಹಲಗೆಯು ಬೇರೆ ದಾರಿಯಿಲ್ಲದೆ ಎರಡು ದಿಕ್ಕುಗಳಲ್ಲಿಯೂ ಬಾಗಿ ಒಡಲಿನ ಆಕಾರವನ್ನು ತಾಳುವುದು. ಅಚ್ಚು ಬೇಡ, ಹಬೆಯ ಪೆಟ್ಟಿಗೆ ಬೇಡ. ಅವಸರಪಟ್ಟರೆ ಮಾತ್ರ ಹಲಗೆಯು ಸಿಡಿದು ಬಿರಿಯುವುದು. ಕೂವೆಕಂಬ ಹಾಯಿಗಳ ವೆಚ್ಚವನ್ನು ಈ ಉಪಾಯವು ತಗ್ಗಿಸಲಿಲ್ಲವೆಂಬುದನ್ನೂ ಹೇಳಬೇಕು.

ಈ ಕ್ರಮಕ್ಕೆ ಸಂದ ದೊಡ್ಡ ಮನ್ನಣೆ ‘ಟೊರ್ನಾಡೊ’. ರಾಡ್ನಿ ಮಾರ್ಚನು ರೂಪಿಸಿದ, 20 ಅಡಿ ಉದ್ದದ, 10 ಅಡಿ ಅಗಲದ ಈ ಪ್ಲೈವುಡ್ ದೋಣಿಯು 1967ರಲ್ಲಿ ಅಂತರರಾಷ್ಟ್ರೀಯ ಹಾಯಿಪಂದ್ಯ ಸಂಘವು ನಡಸಿದ ಆಯ್ಕೆಯಲ್ಲಿ ಪ್ರತಿಸ್ಪರ್ಧಿಗಳನ್ನು ಸುಲಭವಾಗಿ ಸೋಲಿಸಿತು. 1976ರಲ್ಲಿ, ಅಮರಿಲಿಸ್ ಅನರ್ಹವಾದ ಸರಿಯಾಗಿ ನೂರು ವರ್ಷಗಳ ತರುವಾಯ, ಜೋಡಿದೋಣಿಯು ಮಾಂಟ್ರಿಯಲ್ ಒಲಿಂಪಿಕ್ಕನ್ನು ಪ್ರವೇಶಿಸಿತು. ಚಿನ್ನ ಗೆದ್ದವರು ರೆಜ್ ವೈಟ್ ಮತ್ತು ಜಾನ್ ಓಸ್ಬೋರ್ನ್. ರೆಜ್ ವೈಟನು ಸ್ವತಃ ದೋಣಿ ಕಟ್ಟುವವನು.

ಆದರೆ ಗೆಲವು ಬೆಲೆಯನ್ನೂ ತಂದಿತು. ಗಾಜುನಾರಿನ ಒಡಲುಗಳು ಕ್ರಮೇಣ ಪ್ಲೈವುಡ್ಡನ್ನು ಹಿಂದೂಡಿದುವು. 2008ರ ಬಳಿಕ ಟೊರ್ನಾಡೊ ಒಲಿಂಪಿಕ್ಕಿನಿಂದ ಹೊರಬಿದ್ದಿತು. 2016ರಲ್ಲಿ ಬಂದ ‘ನಾಕ್ರಾ 17’ ಅಧಿಕೃತ ಕಾರ್ಖಾನೆಯಲ್ಲಿಯೇ ತಯಾರಾಗಬೇಕಾದ ದೋಣಿ. ಸ್ವಂತ ನಿರ್ಮಾಣಕ್ಕೆ ಬಾಗಿಲು ತೆರೆದಿರುವುದು ಒಬ್ಬನೇ ನಡಸುವ ‘ಎ’ ವರ್ಗದಂತಹ ಕೆಲವು ಪಂದ್ಯಗಳಲ್ಲಿ. ಅಲ್ಲಿ ಉದ್ದ 5.49 ಮೀಟರನ್ನೂ ಅಗಲ 2.30 ಮೀಟರನ್ನೂ ಮೀರದೆ, ತೂಕ 75 ಕಿಲೋಗ್ರಾಮಿಗೆ ಕಡಿಮೆಯಾಗದೆ ಇದ್ದರೆ, ದೋಣಿಯನ್ನು ಯಾರು ಎಲ್ಲಿ ಕಟ್ಟಿದರೆಂದು ಕೇಳುವುದಿಲ್ಲ.