ಮೂವರ ಕೆಲಸಕ್ಕೆ ಒಬ್ಬ

ಹೋದ ವರ್ಷ ಗಣೇಶನ ಹಬ್ಬ ಕಳೆದ ಮರುವಾರ, ಒಂದು ಶನಿವಾರ ಮಧ್ಯಾಹ್ನ, ನನ್ನ ವಿದ್ಯಾರ್ಥಿಯೊಬ್ಬ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಈ ಪೆಟ್ಟಿಗೆ ಸಂಜೆಯವರೆಗೆ ಇಲ್ಲಿರಬಹುದೇ?" ಎಂದು ಕೇಳಿದ. ಪ್ಲೈವುಡ್ಡಿನ ಪೆಟ್ಟಿಗೆ, ಮೂಲೆಗಳಿಗೆ ತಗಡಿನ ಪಟ್ಟಿ, ಎಳೆದೊಯ್ಯಲು ಕೆಳಗೆ ಎರಡು ಗಾಲಿ. ಊರಿಗೆ ಹೊರಟವನ ಬಟ್ಟೆಬರೆ ಇರಬೇಕೆಂದು ಒಪ್ಪಿದೆ. ಆದರೂ ಕುತೂಹಲ ತಡೆಯದೆ, ಒಳಗೇನಿದೆಯಪ್ಪಾ ಎಂದೆ. ಅವನು ಸಂಕೋಚದಿಂದಲೇ ಮುಚ್ಚಳ ತೆಗೆದ. ಒಳಗೊಂದು ಡ್ರಂ, ಅದರ ಹೊಟ್ಟೆಯಲ್ಲಿ ಇನ್ನೊಂದು, ಅದರ ಮೇಲೆ ಮತ್ತೂ ಒಂದು ಪುಟ್ಟದು. ಹಿಂದೆ ನಮ್ಮ ಮನೆಗಳಲ್ಲಿ ಯಾತ್ರೆಗೆ ಹೊರಡುವಾಗ ಪಾತ್ರೆಯೊಳಗೆ ಪಾತ್ರೆ ಇಟ್ಟು ಗಂಟು ಕಟ್ಟುತ್ತಿದ್ದರಲ್ಲ, ಹಾಗೆ.

ಹುಡುಗ ವಾರದ ಕೊನೆಯಲ್ಲಿ ಆರ್ಕೆಸ್ಟ್ರಾಗಳಲ್ಲಿ ಡ್ರಂ ಬಾರಿಸುತ್ತಾನೆಂದು ಆಗ ತಿಳಿಯಿತು. ಪೂರ್ಣ ಡ್ರಂ ಸೆಟ್ಟು ಒಯ್ಯುವುದಕ್ಕೆ ಗಾಡಿ ಬೇಕು. ಗಾಡಿಯ ಬಾಡಿಗೆ ಕೊಟ್ಟರೆ ಬಂದ ಸಂಭಾವನೆಯಲ್ಲಿ ಅರ್ಧ ಹೋಯಿತು. ಅದಕ್ಕಾಗಿ ಬಡಗಿಯೊಬ್ಬನ ನೆರವು ಪಡೆದು, ಬಸ್ಸಿನಲ್ಲಿ ಹಿಡಿಸುವಂಥ ಈ ಸಂಸಾರವನ್ನು ತಾನೇ ಕಟ್ಟಿಕೊಂಡಿದ್ದಾನೆ. ಎಲ್ಲವನ್ನೂ ತೋರಿಸಿ ಮುಚ್ಚಳ ಹಾಕುತ್ತ, "ಆದರೆ ಸಾರ್, ನೋಡಿದವರೆಲ್ಲ ನಗುತ್ತಾರೆ. ಇದು ನಿಜವಾದ ಡ್ರಂ ಸೆಟ್ಟಲ್ಲವಂತೆ" ಎಂದ.

ಕನ್ನಡ ಮೇಷ್ಟರಿಗೇಕೆ ಈ ಉಸಾಬರಿ ಎಂದು ವಾಚಕರು ಕೇಳಬಹುದು. ಆದಿತಾಳವನ್ನು ಬೆರಳೆಣಿಸಿ ಹಾಕುವುದರಾಚೆಗೆ ನನ್ನ ಲಯಜ್ಞಾನ ಹೋಗಿಲ್ಲ. ಆದರೆ ಗ್ರಂಥಸಂಪಾದನೆಯ ಪಾಠ ಹೇಳುವವನಿಗೆ "ನಿಜವಾದದ್ದು ಯಾವುದು?" ಎಂಬ ಪ್ರಶ್ನೆ ಕಿವಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ. ಕೈಗೆ ಸಿಕ್ಕ ದೊಡ್ಡ ಪ್ರತಿಯೇ ಮೂಲಪ್ರತಿಯಾಗಿರಬೇಕೆಂದೇನೂ ಇಲ್ಲವಷ್ಟೆ. ಹೀಗೆ ಡ್ರಂ ಸೆಟ್ಟಿನ ಮೂಲಪ್ರತಿಯನ್ನು ಹುಡುಕುತ್ತ ನಾನು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೋಗಬೇಕಾಯಿತು.

ಆ ಕಾಲದಲ್ಲಿ ಡ್ರಂ ಸೆಟ್ಟು ಎಂಬ ವಾದ್ಯವೇ ಇರಲಿಲ್ಲ. ಸೈನ್ಯದ ಬ್ಯಾಂಡುಗಳಲ್ಲೂ ಬೀದಿಯ ಮೆರವಣಿಗೆಗಳಲ್ಲೂ ತಾಳವಾದ್ಯದವರು ಸಾಮಾನ್ಯವಾಗಿ ಮೂವರು. ಎದೆಯ ಮುಂದೆ ದೊಡ್ಡ ಬೇಸ್ ಡ್ರಂ ಹೊತ್ತವನೊಬ್ಬ, ಸೊಂಟದ ಪಕ್ಕದಲ್ಲಿ ಸ್ನೇರ್ ಡ್ರಂ ತೂಗಿಸಿಕೊಂಡವನೊಬ್ಬ, ಎರಡು ಕೈಯಲ್ಲಿ ಸಿಂಬಲ್ ಎಂಬ ಕಂಚಿನ ತಾಳಗಳನ್ನು ಹಿಡಿದವನೊಬ್ಬ. ಬೀದಿ ಅಗಲವಾಗಿದೆ, ಮೂವರೇನು, ಆರು ಜನ ನಡೆದರೂ ಅಡ್ಡಿಯಿಲ್ಲ. ಆದರೆ ಹಗಲು ಬೀದಿಯಲ್ಲಿ ನುಡಿಸಿದ ಕಲಾವಿದರೇ ರಾತ್ರಿ ನೃತ್ಯಶಾಲೆಗಳಲ್ಲಿ ನುಡಿಸಬೇಕಾಗಿತ್ತು. ಅಲ್ಲಿನ ವೇದಿಕೆ ಇಕ್ಕಟ್ಟು; ಮಾಲೀಕರ ಕೈ ಅದಕ್ಕಿಂತ ಇಕ್ಕಟ್ಟು. ಮೂವರಿಗೆ ಸಂಬಳ ಕೊಡುವುದಕ್ಕಿಂತ ಒಬ್ಬನಿಗೇ ಮೂರು ಕೆಲಸ ಹೇಳುವುದು ಲಾಭವೆಂದು ಕಾಣಲು ಅವರಿಗೆ ಬಹಳ ಕಾಲ ಹಿಡಿಯಲಿಲ್ಲ.

ಮೊದಲು ಇದಕ್ಕೆ ಬೇಕಾದದ್ದು ಬರಿಯ ಕೈಚಳಕ. ಬೇಸ್ ಡ್ರಮ್ಮನ್ನು ನೆಲದ ಮೇಲೆ ಬಲಗಡೆಗೆ ನಿಲ್ಲಿಸಿ, ಸ್ನೇರ್ ಡ್ರಮ್ಮನ್ನು ಕುರ್ಚಿಯ ಮೇಲೆ ಓರೆಯಾಗಿ ಇಟ್ಟು, ಬಲಗೈಯ ಕೋಲಿನಿಂದ ದೊಡ್ಡದಕ್ಕೊಂದು ಏಟು ಹಾಕಿ, ಅದೇ ಕೈಯನ್ನು ಸರಕ್ಕನೆ ಚಿಕ್ಕದರ ಮೇಲೆ ತರುವುದು. ಸಿಂಬಲ್ಲಿಗೆ ಬೇಸ್ ಡ್ರಮ್ಮಿನ ಬಳೆಯೇ ಆಸರೆ. ಇದನ್ನು ಜೋಡಿ ಬಾರಿಸುವಿಕೆ ಎಂದು ಕರೆದರು. ಇಬ್ಬರ ಕೂಲಿ ಉಳಿಯಿತು, ನಿಜ. ಬಾರಿಸುವವನ ತೋಳು ಮಾತ್ರ ಅತ್ತಿಂದಿತ್ತ ಓಡಿ ಸೋತಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ನಮ್ಮದು. ಅಲ್ಲಿ ಜಾಗ ಸಾಲದೆ ಬಂದಾಗ ಜನಕ್ಕೆ ನೆನಪಾದದ್ದೂ ಕಾಲೇ. ಕೈ ಎರಡೂ ದುಡಿಯುತ್ತಿರುವಾಗ ಕಾಲೇಕೆ ಸುಮ್ಮನಿರಬೇಕು? ನ್ಯೂ ಆರ್ಲಿಯನ್ಸಿನಲ್ಲಿ ಜಾನ್ ರೋಬಿಶೋ ಎಂಬಾತನ ವಾದ್ಯವೃಂದದಲ್ಲಿ ಡೀಡೀ ಚಾಂಡ್ಲರ್ ಎಂಬ ಕರಿಯ ಕಲಾವಿದನಿದ್ದ. ಮರದ ತುಂಡುಗಳನ್ನು ಜೋಡಿಸಿ, ಕಾಲಿನಿಂದ ಒತ್ತಿದರೆ ಬೇಸ್ ಡ್ರಮ್ಮಿಗೆ ಏಟು ಬೀಳುವಂಥ ಸಲಕರಣೆಯೊಂದನ್ನು ಅವನೇ ಮಾಡಿಕೊಂಡನೆಂದು ಜ್ಯಾಸ್ ಸಂಗೀತದ ಚರಿತ್ರಕಾರರು ಹೇಳುತ್ತಾರೆ. ೧೮೯೬ರ ಸುಮಾರಿನ ಆ ವೃಂದದ ಛಾಯಾಚಿತ್ರದಲ್ಲಿ ಅವನು ಆ ಪೆಡಲ್ಲಿನೊಡನೆ ಇದ್ದಾನೆ. ಅಂದಿನ ದಿನಗಳಲ್ಲಿ ಹೀಗೆ ಮನೆಯಲ್ಲೇ ಪೆಡಲ್ ಕೆತ್ತಿಕೊಂಡವರು ಬೇರೆ ಊರುಗಳಲ್ಲೂ ಇದ್ದರು. ಮೊದಲಿಗ ಯಾರೆಂಬ ವ್ಯಾಜ್ಯ ನಮಗೆ ಬೇಡ. ಕಾರ್ಖಾನೆಯಲ್ಲಿ ಹುಟ್ಟುವುದಕ್ಕೆ ಮೊದಲು ಈ ವಾದ್ಯ ಹಿತ್ತಿಲಲ್ಲಿ ಹುಟ್ಟಿತ್ತು ಎಂಬುದಷ್ಟೇ ನಮಗೆ ಮುಖ್ಯ.

ಕಾರ್ಖಾನೆ ಬಂದದ್ದೂ ಇದೇ ದಾರಿಯಲ್ಲಿ. ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಶಿಕಾಗೋ ಸೇರಿದ ವಿಲಿಯಂ ಲುಡ್ವಿಗ್ ಅಲ್ಲಿನ ರಂಗಮಂದಿರಗಳಲ್ಲಿ ಡ್ರಂ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದವನು. ರ‍್ಯಾಗ್‌ಟೈಂ ಎಂಬ ಚುರುಕು ನಡೆಯ ಸಂಗೀತ ಬಂದಾಗ, ಆಗಿನ ತೂಗಾಡುವ ಉದ್ದ ಪೆಡಲ್ಲುಗಳು ಅದರ ವೇಗಕ್ಕೆ ಸಾಲದೆ ಹೋದವು. ಲುಡ್ವಿಗ್ ತನಗಾಗಿ ಮರದಲ್ಲೊಂದು ಗಿಡ್ಡ ಪೆಡಲ್ ಮಾಡಿಕೊಂಡ. ಅದನ್ನು ಕಂಡ ಇತರರು ತಮಗೂ ಬೇಕೆಂದರು. ಸೋದರ ಥಿಯೊಬಾಲ್ಡನೊಡನೆ ಸೇರಿ ೧೯೦೯ರಲ್ಲಿ ಅವನು ಅಂಗಡಿ ತೆರೆದ; ಬಂಧುವಾದ ರಾಬರ್ಟ್ ಡ್ಯಾನ್ಲಿ ಅದೇ ಪೆಡಲ್ಲನ್ನು ಲೋಹದಲ್ಲಿ ತಯಾರಿಸಿಕೊಟ್ಟ. ಮುಂದೆ ಜಗತ್ತಿನಲ್ಲೆಲ್ಲ ಹೆಸರಾದ ಲುಡ್ವಿಗ್ ಸಂಸ್ಥೆಯ ಬೇರು, ಕೈಚೀಲದಲ್ಲಿ ಹಿಡಿಸುವ ಒಂದು ಪೆಡಲ್ಲಿನಲ್ಲಿದೆ.

ಕಾಲು ಕೆಲಸಕ್ಕೆ ಬಂದ ಮೇಲೆ ಕೈಗೆ ಬಿಡುವಾಯಿತು. ಬಿಡುವಾದ ಕೈಗೆ ಹೊಸ ಕೆಲಸ ಬಂತು. ಮೂಕಚಿತ್ರಗಳ ಕಾಲದಲ್ಲಿ ಡ್ರಂ ಬಾರಿಸುವವನ ಸುತ್ತ ಒಂದು ಸಣ್ಣ ಸಂತೆಯೇ ನೆರೆದಿರುತ್ತಿತ್ತು. ಪರದೆಯ ಮೇಲೆ ಕುದುರೆ ಓಡಿದರೆ ತೆಂಗಿನ ಚಿಪ್ಪು, ರೈಲು ಬಂದರೆ ಸೀಟಿ, ಹಕ್ಕಿ ಹಾರಿದರೆ ಪೀಪಿ, ಗುಂಡು ಹಾರಿದರೆ ಸ್ನೇರ್ ಡ್ರಮ್ಮಿನ ಮೇಲೊಂದು ಬಲವಾದ ಏಟು. ಈ ಸರಂಜಾಮಿಗೆಲ್ಲ ಸೇರಿ 'ಟ್ರ್ಯಾಪ್ಸ್' ಎಂದು ಹೆಸರು. ಚೀನದಿಂದ ವಲಸೆ ಬಂದವರ ಟಾಮ್‌ಟಾಮ್ ಡ್ರಮ್ಮುಗಳು ಈ ಸಂತೆಯಲ್ಲೇ ಜಾಗ ಪಡೆದವು. ಒಳ್ಳೆಯ ಸಿಂಬಲ್ ಬರುತ್ತಿದ್ದುದು ಕಾನ್‌ಸ್ಟಾಂಟಿನೋಪಲ್ಲಿನಿಂದ. ಅಲ್ಲಿ ೧೬೨೩ರಿಂದ ಆ ಕಸುಬು ಮಾಡುತ್ತಿದ್ದ ಆರ್ಮೇನಿಯದ ಝಿಲ್ಜಿಯಾನ್ ಮನೆತನದ ಒಂದು ಕವಲು ೧೯೨೯ರಲ್ಲಿ ಅಮೆರಿಕದಲ್ಲೇ ಕುಲುಮೆ ಹೂಡಿತು. ಯೂರೋಪಿನ ಸೈನ್ಯದ ಡ್ರಂ, ತುರ್ಕಿಯ ತಾಳ, ಚೀನದ ಟಾಮ್‌ಟಾಮ್, ಆಫ್ರಿಕದ ಮೂಲದವರ ಕೈ ಮತ್ತು ಲಯ: ಡ್ರಂ ಸೆಟ್ಟಿನಲ್ಲಿ ಕೂಡಿದ ಇವರೆಲ್ಲರೂ ಎಲ್ಲಿಂದಲೋ ಬಂದವರು.

ಆಮೇಲೆ ೧೯೨೭ರಲ್ಲಿ 'ದಿ ಜ್ಯಾಸ್ ಸಿಂಗರ್' ಬಂತು. ಚಿತ್ರಕ್ಕೆ ಬಾಯಿ ಬಂತು. ಪರದೆಯ ಕೆಳಗೆ ಕುಳಿತು ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರು ಕೆಲವೇ ವರ್ಷಗಳಲ್ಲಿ ಬೀದಿಗೆ ಬಂದರು. ಅವರ ಸಂಘ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು 'ಡಬ್ಬಿಯ ಸಂಗೀತ'ವನ್ನು ಖಂಡಿಸಿತು. ಡಬ್ಬಿ ಗೆದ್ದಿತು. ಮೂವರ ಕೆಲಸವನ್ನು ಒಬ್ಬನೇ ಮಾಡಿದಾಗ ಇಬ್ಬರು ಮನೆಗೆ ಹೋಗಿದ್ದರು. ಈಗ ಆ ಒಬ್ಬನ ಸರದಿ.

ನೃತ್ಯಶಾಲೆಗಳನ್ನು ನೆಚ್ಚಿದವರು ಉಳಿದುಕೊಂಡರು. ಚಿಪ್ಪು ಪೀಪಿಗಳು ಪೆಟ್ಟಿಗೆ ಸೇರಿದವು. ಎಡಗಾಲಿಗೂ ಕೆಲಸ ಸಿಕ್ಕಿತು: ಎರಡು ಸಿಂಬಲ್ಲುಗಳು ಒಂದರ ಮೇಲೊಂದು ಬೀಳುವ ಪೆಡಲ್ ಮೊದಲು ನೆಲದ ಮಟ್ಟದಲ್ಲಿದ್ದು, ಇಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಕೈಗೆಟಕುವಷ್ಟು ಎತ್ತರಕ್ಕೆ ಬೆಳೆದು ಹೈಹ್ಯಾಟ್ ಎನಿಸಿತು. ೧೯೩೬ರಲ್ಲಿ ಜೀನ್ ಕ್ರೂಪಾ ಎಂಬ ಪ್ರಸಿದ್ಧ ವಾದಕನಿಗಾಗಿ ಸ್ಲಿಂಗರ್‌ಲ್ಯಾಂಡ್ ಸಂಸ್ಥೆ, ಮೇಲೂ ಕೆಳಗೂ ಶ್ರುತಿ ಮಾಡಬಹುದಾದ ಟಾಮ್‌ಟಾಮುಗಳನ್ನು ತಯಾರಿಸಿತು. ಇಂದು ಹುಡುಗರು 'ನಿಜವಾದ ಡ್ರಂ ಸೆಟ್ಟು' ಎನ್ನುವುದು ಈ ದೊಡ್ಡ ವೃಂದಗಳ ಕಾಲದ ಸಿರಿಯನ್ನು.

ಆ ಸಿರಿಯೂ ಸ್ಥಿರವಾಗಿ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಿಂದ, ವಾದ್ಯದ ತೂಕದಲ್ಲಿ ಲೋಹ ಶೇಕಡ ೧೦ನ್ನು ಮೀರಕೂಡದೆಂದು ಅಮೆರಿಕದ ಸರ್ಕಾರ ಕಟ್ಟು ಮಾಡಿತು. ಬಳೆ, ಹಿಡಿಕೆಗಳನ್ನು ಮತ್ತೆ ಮರದಲ್ಲೇ ಕೆತ್ತಬೇಕಾಯಿತು. ಯುದ್ಧ ಮುಗಿಯುವ ಹೊತ್ತಿಗೆ ದೊಡ್ಡ ವೃಂದಗಳೂ ಮುಗಿಯುತ್ತ ಬಂದಿದ್ದವು. ನಾಲ್ಕೈದು ಜನರ ಸಣ್ಣ ತಂಡಗಳು ಇಕ್ಕಟ್ಟಾದ ಕ್ಲಬ್ಬುಗಳಲ್ಲಿ ನುಡಿಸತೊಡಗಿದವು. ಒಂದೇ ಉದ್ದನೆಯ ಡ್ರಮ್ಮನ್ನು ನಿಲ್ಲಿಸಿ, ಮೇಲಿನ ಚರ್ಮವನ್ನು ಕೈಯಿಂದ, ಕೆಳಗಿನದನ್ನು ಪೆಡಲ್ಲಿನಿಂದ ಬಾರಿಸುವ 'ಕಾಕ್‌ಟೇಲ್ ಡ್ರಂ' ಬಂತು. ಜ್ಯಾಸ್ ವಾದಕರಲ್ಲಿ ೧೮ ಅಂಗುಲದ ಬೇಸ್ ಡ್ರಂ ಬಳಕೆಗೆ ಬಂದದ್ದಕ್ಕೆ, ಅದು ಟ್ಯಾಕ್ಸಿಯಲ್ಲಿ ಹಿಡಿಸುತ್ತಿತ್ತು ಎಂಬ ಕಾರಣವನ್ನೂ ಹೇಳುವುದುಂಟು. ಇಂಗ್ಲೆಂಡಿನಲ್ಲಿ ಐವತ್ತರ ದಶಕದ ನಡುವೆ ಸ್ಕಿಫಲ್ ಎಂಬ ಹಾಡಿಕೆಯ ಹುಚ್ಚು ಹಬ್ಬಿದಾಗ ಬಡ ಹುಡುಗರಿಗೆ ಬಟ್ಟೆ ಉಜ್ಜುವ ತಗಡಿನ ಹಲಗೆಯೇ ಡ್ರಮ್ಮಾಯಿತು. ಅಂಥ ತಂಡದಲ್ಲೊಂದರಲ್ಲಿ ಬಾರಿಸುತ್ತಿದ್ದ ಲಿವರ್‌ಪೂಲಿನ ಹುಡುಗನೊಬ್ಬ ಮುಂದೆ ರಿಂಗೋ ಸ್ಟಾರ್ ಆದ. ೧೯೬೪ರ ಫೆಬ್ರವರಿಯಲ್ಲಿ ಅಮೆರಿಕದ ಕೋಟ್ಯಂತರ ಜನ ದೂರದರ್ಶನದಲ್ಲಿ ಅವನನ್ನು ನೋಡಿದಾಗ, ಅವನ ಮುಂದಿದ್ದ ಬೇಸ್ ಡ್ರಮ್ಮಿನ ಅಡ್ಡಳತೆ ೨೦ ಅಂಗುಲ. ದೊಡ್ಡ ವೃಂದಗಳ ಲೆಕ್ಕದಲ್ಲಿ ಅದು ಚಿಕ್ಕದೇ.

ಈಗ ನನ್ನ ವಿದ್ಯಾರ್ಥಿಯ ಪೆಟ್ಟಿಗೆಗೆ ಬರೋಣ. ಅವನ ಬೇಸ್ ಡ್ರಂ ೧೬ ಅಂಗುಲದ್ದು. ಮೂಲದಲ್ಲಿ ಅದು ಮೂರು ಕಾಲಿನ ಮೇಲೆ ನಿಂತು ಕೋಲಿನ ಏಟು ತಿನ್ನುತ್ತಿದ್ದ ಹಳೆಯ ಟಾಮ್. ಅದನ್ನು ಮಗ್ಗುಲಾಗಿ ಮಲಗಿಸಿದ್ದಾನೆ. ಮಲಗಿಸಿದೊಡನೆ ಒಂದು ತೊಡಕು: ಪೆಡಲ್ಲಿನ ಸುತ್ತಿಗೆ ದೊಡ್ಡ ಡ್ರಮ್ಮಿನ ಎತ್ತರಕ್ಕೆ ಮಾಡಿದ್ದು. ಚಿಕ್ಕದರ ಮೇಲೆ ಅದು ನಡುವಿಗೆ ಬೀಳದೆ ಮೇಲಂಚಿನ ಕಡೆಗೆ ಬಿದ್ದು ಟಪ್ಪೆನ್ನುತ್ತದೆ, ಗುಮ್ಮೆನ್ನುವುದಿಲ್ಲ. ಅದಕ್ಕಾಗಿ ಡ್ರಮ್ಮಿನ ಕೆಳಗೆ ಎರಡು ಅಂಗುಲ ಎತ್ತರದ ಮರದ ಮಣೆ. ನಾದ ತೆಳುವಾಗದಂತೆ ಚರ್ಮವನ್ನು ಸಡಿಲಿಸಿ, ಒಳಗೊಂದು ಹಳೆಯ ಹೊದಿಕೆಯನ್ನು ಮಡಿಸಿ ಇಟ್ಟಿದ್ದಾನೆ. ಏಟಿನ ರಭಸಕ್ಕೆ ಮುಂದಕ್ಕೆ ಜಾರದಂತೆ ಎರಡು ಉಕ್ಕಿನ ಕಾಲು, ಎಲ್ಲದರಡಿಗೆ ಒಂದು ಜಮಖಾನ. ಕೆಲಸ ಮುಗಿದ ಮೇಲೆ ಒಂದು ಪಕ್ಕದ ಚರ್ಮ ಬಿಚ್ಚಿದರೆ ೧೪ ಅಂಗುಲದ ಸ್ನೇರ್ ಅದರೊಳಗೆ ಕೂರುತ್ತದೆ, ಅದರ ಮೇಲೆ ೧೦ ಅಂಗುಲದ ಟಾಮ್. ಪೆಟ್ಟಿಗೆಯೇ ಕೂರುವ ಪೀಠ. ಚರ್ಮ ಎಂದೆನಷ್ಟೆ, ಅದು ಪ್ಲಾಸ್ಟಿಕ್ಕಿನ ಹಾಳೆ. ೧೯೫೭ರ ಸುಮಾರಿಗೆ ಅಂಥ ಹಾಳೆ ಬಳಕೆಗೆ ಬರುವವರೆಗೆ ಕರುವಿನ ಚರ್ಮವಿರುತ್ತಿತ್ತು, ಮಳೆಯ ತಂಪಿಗೆ ಸಡಿಲವಾಗುತ್ತಿತ್ತು. ಬೆಂಕಿಗೆ ಹಿಡಿದು ತಮಟೆಯನ್ನು ಬಿಗಿ ಮಾಡುವುದನ್ನು ಕಂಡ ನಮಗೆ ಆ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಶನಿವಾರಗಳಲ್ಲೂ ಪೆಟ್ಟಿಗೆ ನಮ್ಮ ಕೊಠಡಿಗೆ ಬರುತ್ತಿತ್ತು. ಒಂದು ಸಂಜೆ ಓದಿದ್ದನ್ನೆಲ್ಲ ಅವನಿಗೆ ಹೇಳಿದೆ: ನಗುವವರು ನಗಲಿ, ನಿನ್ನದೇ ಮೂಲಪ್ರತಿ, ದೊಡ್ಡದು ಆಮೇಲೆ ಸೇರಿದ ಪ್ರಕ್ಷಿಪ್ತ. ಅವನು ಹಿಗ್ಗುವನೆಂದು ಎಣಿಸಿದ್ದೆ. ಅವನ ಮನಸ್ಸು ಬೇರೊಂದು ಕಡೆ ನಿಂತಿತ್ತು. "ಆ ಇಬ್ಬರು ಏನಾದರು ಸಾರ್?" ಎಂದು ಕೇಳಿದ. ಯಾವ ಇಬ್ಬರು? "ಪೆಡಲ್ ಬಂದ ಮೇಲೆ ಕೆಲಸ ಹೋಯಿತಲ್ಲ, ಅವರು."

ನನ್ನಲ್ಲಿ ಉತ್ತರವಿರಲಿಲ್ಲ. ಪೆಡಲ್ ಕೆತ್ತಿದವರ ಹೆಸರು ಪುಸ್ತಕದಲ್ಲಿದೆ. ಬೇಸ್ ಡ್ರಂ ಕೆಳಗಿಳಿಸಿ ಮನೆಗೆ ನಡೆದವರ ಹೆಸರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಗ ಅವನೇ ವಿವರಿಸಿದ. ಅವನು ನುಡಿಸುವ ಆರ್ಕೆಸ್ಟ್ರಾದಲ್ಲಿ ಹಿಂದೆ ತಬಲದವರೊಬ್ಬರು, ಢೋಲಕ್ಕಿನವರೊಬ್ಬರು ಇದ್ದರಂತೆ. ೧೯೮೫ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆ ಹೊರತಂದ ಆಕ್ಟೋಪ್ಯಾಡ್‌ನಂಥ ವಿದ್ಯುತ್ ಪ್ಯಾಡುಗಳು ಊರೂರಿಗೆ ಹಬ್ಬಿದ ಮೇಲೆ, ಎಂಟು ಚೌಕಗಳ ಒಂದು ಹಲಗೆಯಲ್ಲಿ ತಬಲವೂ ಢೋಲಕ್ಕೂ ಡ್ರಮ್ಮೂ ಸಿಗುತ್ತವೆ. ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದು. ತಬಲದವರು ಬರುವುದು ನಿಂತು ವರ್ಷಗಳಾದವು. ಗಾಡಿಯ ಖರ್ಚು ಉಳಿದರೆ ಮಾತ್ರ ಡ್ರಮ್ಮಿಗೂ ಜಾಗ, ಇಲ್ಲವಾದರೆ ಪ್ಯಾಡೊಂದೇ ಸಾಕು ಎಂದು ಇವನಿಗೂ ಹೇಳಿಯಾಗಿತ್ತು. ಪೆಟ್ಟಿಗೆ ಹುಟ್ಟಿದ್ದು ಆ ಮಾತಿನಿಂದ.

"ಹಾಗಾದರೆ ನಾನು ಕೂತಿರುವ ಜಾಗವೂ ಮೂವರದು ಎನ್ನಿ ಸಾರ್" ಎಂದ.

ಪೆಟ್ಟಿಗೆಯನ್ನು ಎಳೆದುಕೊಂಡು ಬಸ್ ನಿಲ್ದಾಣದವರೆಗೆ ಜೊತೆಯಲ್ಲೇ ಹೋದೆವು. ಬಸ್ಸು ಬಂತು. ಸೀಟಿನ ಕೆಳಗೆ ಅದು ಹಿಡಿಸಲಿಲ್ಲ. ಹಿಂದಿನ ಬಾಗಿಲ ಪಕ್ಕದಲ್ಲಿ ಹಿಡಿಸಿತು. ಕಂಡಕ್ಟರು ಅದನ್ನೊಮ್ಮೆ, ಇವನನ್ನೊಮ್ಮೆ ನೋಡಿ, ಲಗೇಜಿನ ಚೀಟಿಯೊಂದನ್ನು ಹರಿದುಕೊಟ್ಟ. ಹುಡುಗ ಚೀಟಿಯನ್ನು ಜೇಬಿಗಿಟ್ಟು ಪೆಟ್ಟಿಗೆಯ ಮೇಲೆ ಕೂತ. ಅವನಿಗೆ ಆ ಬಸ್ಸಿನಲ್ಲಿ ಬೇರೆ ಜಾಗವಿರಲಿಲ್ಲ.